ಹುಲ್ಲಿನ ಪೆಲೆಟ್ ಉರಿಸಿದರೆ ಬರ್ನರ್‌ನಲ್ಲಿ ಕಿಟ್ಟ ಕಟ್ಟುವುದಕ್ಕೆ ಪರಿಹಾರ

ಮರದ ಪೆಲೆಟ್‌ನಲ್ಲಿ (ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಉರುವಲಿನ ಗುಳಿಗೆ) ಚೆನ್ನಾಗಿ ಉರಿಯುತ್ತಿದ್ದ ಬರ್ನರ್, ಭತ್ತದ ಹುಲ್ಲಿನ ಪೆಲೆಟ್ ಹಾಕಿದ ಮೇಲೆ ಗಾಜಿನಂಥ ಕಿಟ್ಟ ಕಟ್ಟಿ ನಿಲ್ಲುತ್ತಿದೆ ಎಂದರೆ ತೊಂದರೆ ಬಹುಪಾಲು ಯಂತ್ರದ್ದಲ್ಲ, ಬೂದಿಯದು. ಹುಲ್ಲಿನಲ್ಲಿ ಪೊಟ್ಯಾಸಿಯಂ, ಸಿಲಿಕಾ ಎರಡೂ ಹೆಚ್ಚು. ಅವು ಸೇರಿದರೆ ಬೂದಿ 800–900 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗಿ ಅಂಟಿಕೊಳ್ಳಬಹುದು. ತೊಗಟೆ ಇಲ್ಲದ ಮರದ ಬೂದಿ ಸಾಮಾನ್ಯವಾಗಿ 1,200 ಡಿಗ್ರಿವರೆಗೂ ಪುಡಿಯಾಗಿಯೇ ಇರುತ್ತದೆ.

ಮೊದಲು ಕಿಟ್ಟದ ತುಂಡೊಂದನ್ನು ಒಡೆದು ನೋಡಿ. ಒಳಗೆ ಮರಳಿನ ಕಾಳು ಕಂಡರೆ ಹುಲ್ಲಿನ ಜೊತೆ ನೆಲದ ಮಣ್ಣೂ ಬಂದಿದೆ. ಹುಲ್ಲನ್ನು ಚೆನ್ನಾಗಿ ಕೊಡವಿ, ಜರಡಿ ಹಿಡಿದು ಆಮೇಲೆ ಪುಡಿ ಮಾಡಿ. ನಂತರ ಒಂದು ಪಾಲು ಹುಲ್ಲಿಗೆ ಮೂರು ಪಾಲು ಮರದ ಹೊಟ್ಟು ಬೆರೆಸಿ, ಸ್ವಲ್ಪವೇ ಪೆಲೆಟ್ ಮಾಡಿ ಉರಿಸಿ ನೋಡಿ. ಕಾಡಿನಿಂದ ತಂದ ತೊಗಟೆ, ಎಲೆ, ಸಣ್ಣ ರೆಂಬೆ ಇದಕ್ಕೆ ಬೇಡ, ಅವುಗಳಲ್ಲೂ ಬೂದಿ ಜಾಸ್ತಿ. ನಿಮ್ಮ ಬರ್ನರ್‌ನ ತಳ ಎಷ್ಟು ಕಾಯುತ್ತದೆ ಎಂಬುದರ ಮೇಲೆ ಈ ಪ್ರಮಾಣ ಹೆಚ್ಚುಕಡಿಮೆ ಆಗಬಹುದು.

ಬೆರೆಸಿದ ಮೇಲೂ ಕಿಟ್ಟ ಬಂದರೆ ಉರಿ ತಗ್ಗಿಸಿ, ಬೂದಿಯನ್ನು ಇನ್ನೂ ಬೇಗಬೇಗ ಕೆರೆದು ತೆಗೆಯಿರಿ. ಶೇ. 2–3ರಷ್ಟು ಕೆಯೊಲಿನ್ ಜೇಡಿ ಸೇರಿಸುವುದೂ ಫಲ ಕೊಡುತ್ತದೆ.

ಮುಂದಿನ ಕೊಯ್ಲಿನಲ್ಲಿ ಹುಲ್ಲನ್ನು ಒಂದೆರಡು ಮಳೆಗೆ ಗದ್ದೆಯಲ್ಲೇ ಬಿಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ: ಪೊಟ್ಯಾಸಿಯಂ ಜೊತೆಗೆ ಬಾಯ್ಲರ್ ಕೊಳವೆ ತಿನ್ನುವ ಕ್ಲೋರಿನ್ ಕೂಡ ತೊಳೆದುಹೋಗುತ್ತದೆ. ಆದರೆ ಅಚ್ಚಿಗೆ ಹಾಕುವ ಮುಂಚೆ ತೇವಾಂಶ ಶೇ. 10–15ಕ್ಕೆ ಇಳಿಯುವಷ್ಟು ಒಣಗಿಸಲೇಬೇಕು.