ಔಷಧಿ ತೋರಿಸಿ ಪಿಜ್ಜಾ ಇಳಿಸಬೇಡಿ

ಪ್ರಶ್ನೆ: ಡ್ರೋನ್‌ನಲ್ಲಿ ಮನೆಗೇ ಸಾಮಾನು ತಲುಪಿಸುವ ಸೇವೆ ಶಿವಮೊಗ್ಗಕ್ಕೂ ಬಂದರೆ ಹೇಗೆ ಅಂತ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುರುವಾದ ಮಾತು ಜಗಳಕ್ಕೆ ಬಂದು ನಿಂತಿದೆ. ಬೇಡ ಅಂದಿದ್ದಕ್ಕೆ ಹುಡುಗರು ನನ್ನನ್ನು ‘ಹಳೇ ಕಾಲದವರು’ ಅಂದರು. ಬೇಡ ಅನ್ನುವುದು ತಪ್ಪಾ?
– ಓದುಗರೊಬ್ಬರು, ವಿನೋಬನಗರ

ಉತ್ತರ: ತಪ್ಪೇನಿಲ್ಲ. ಆ ‘ಹಳೇ ಕಾಲ’ದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 2018ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಬೋನಿಥನ್ ಬಡಾವಣೆಯಲ್ಲಿ ವಿಂಗ್ ಕಂಪನಿ ಡ್ರೋನ್ ಡೆಲಿವರಿ ಪ್ರಯೋಗ ನಡೆಸಿತು. ಸದ್ದು ತಡೆಯಲಾರದೆ ಅಲ್ಲಿನ ನಿವಾಸಿಗಳು ಗುಂಪು ಕಟ್ಟಿದರು. ವಿಷಯ ಅಲ್ಲಿನ ಶಾಸನಸಭೆಯ ವಿಚಾರಣೆವರೆಗೂ ಹೋಯಿತು. ಕಂಪನಿ ಸದ್ದು ಕಡಿಮೆ ಇರುವ ಡ್ರೋನ್ ತರಬೇಕಾಯಿತು. ಅಮೆರಿಕದ ಕಾಲೇಜ್ ಸ್ಟೇಷನ್‌ನಲ್ಲಿ ಅಮೆಜಾನ್ ಡ್ರೋನ್‌ಗಳ ಮೇಲೂ ಇದೇ ದೂರು ಬಂದಿತ್ತು. ಅದು ದೊಡ್ಡ ವಿಶ್ವವಿದ್ಯಾಲಯ ಇರುವ ಊರು. ಹೊಸತು ಅಂದರೆ ಬೆಚ್ಚುವ ಜನ ಅವರಲ್ಲ.

ನಾವೂ ಅಲ್ಲ ಬಿಡಿ. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನನ್ನು ಮಲೆನಾಡು ನೋಡಿದೆ. ಮದುವೆ ಮನೆಯಲ್ಲಂತೂ ಅದು ಇಲ್ಲದಿದ್ದರೆ ಬೀಗರಿಗೇ ಬೇಜಾರು! ಆದರೆ ಅವೆಲ್ಲ ನಾವು ಕರೆಸಿದವು. ಕೆಲಸ ಮುಗಿಸಿ ಹೋಗುತ್ತವೆ.

ಡೆಲಿವರಿ ಡ್ರೋನ್ ಹಾಗಲ್ಲ. ಐಸ್‌ಕ್ರೀಂ ತರಿಸಿದವರಿಗೆ ಆ ಸದ್ದು ಒಂದು ಸಲ. ಅದರ ದಾರಿಯ ಕೆಳಗಿರುವ ಮನೆಗೆ ಬೆಳಗ್ಗೆಯಿಂದ ಸಂಜೆವರೆಗೆ. ಸದ್ದು ಎಷ್ಟು ಜೋರು ಅನ್ನುವುದಷ್ಟೇ ಅಲ್ಲ, ಎಂಥದ್ದು ಅನ್ನುವುದೂ ಮುಖ್ಯ. ನಾಸಾದ ಸಂಶೋಧಕರು 2017ರಲ್ಲಿ ಇದನ್ನು ಪರೀಕ್ಷಿಸಿದ್ದರು. ಅಷ್ಟೇ ಜೋರಿನ ಕಾರು, ವ್ಯಾನುಗಳ ಸದ್ದಿಗಿಂತ ಡ್ರೋನ್ ಸದ್ದು ಜನರಿಗೆ ಜಾಸ್ತಿ ಕಿರಿಕಿರಿ ಅನ್ನಿಸಿತ್ತು. ಕಿವಿ ಹತ್ತಿರ ಸುತ್ತುವ ಸೊಳ್ಳೆ ನಿದ್ದೆ ಕೆಡಿಸಲು ಜೋರಾಗಿ ಕೂಗಬೇಕಾಗಿಲ್ಲ, ಅಲ್ವಾ? ಇನ್ನು ತಾರಸಿಯಲ್ಲಿ ಹಪ್ಪಳ ಒಣಗಿಸುವಾಗ ತಲೆ ಮೇಲೆ ಕ್ಯಾಮೆರಾ ಇರುವ ಯಂತ್ರ ಹಾದು ಹೋದರೆ ‘ಅದು ದಾರಿ ನೋಡುತ್ತಿದೆ ಅಷ್ಟೇ’ ಅಂತ ಕಂಪನಿ ಹೇಳಿದ್ದನ್ನು ಸುಮ್ನೆ ನಂಬಬೇಕು.

ಹಾಗಂತ ಪೂರ್ತಿ ಬೇಡ ಅನ್ನುವವನು ನಾನಲ್ಲ. 2021ರ ಅಕ್ಟೋಬರ್‌ನಲ್ಲಿ ಮಣಿಪುರದ ಬಿಷ್ಣುಪುರದಿಂದ ಲೋಕ್ತಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಡ್ರೋನ್‌ನಲ್ಲೇ ಹೋಯಿತು. ರಸ್ತೆಯಲ್ಲಿ 26 ಕಿಲೋಮೀಟರ್ ದೂರ. ಡ್ರೋನ್ 15 ಕಿಲೋಮೀಟರ್ ಹಾರಿ ಕಾಲು ಗಂಟೆಯೊಳಗೆ ಮುಟ್ಟಿತು. ರುವಾಂಡಾದಲ್ಲಿ 2016ರಿಂದ ಆಸ್ಪತ್ರೆಗಳಿಗೆ ರಕ್ತ ಹೀಗೇ ಹೋಗುತ್ತಿದೆ. ಹೊಸನಗರ, ಸಾಗರದ ಹಿನ್ನೀರಿನಾಚೆಯ ಒಂಟಿ ಮನೆಗಳನ್ನು ನೆನೆಸಿಕೊಳ್ಳಿ. ಅಂಥ ಕಡೆಯ ಆರೋಗ್ಯ ಕೇಂದ್ರಕ್ಕೆ ಹಾವು ಕಡಿತದ ಔಷಧಿ ಹಾರಿ ಬಂದರೆ ಸದ್ದಿನ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2021ರಲ್ಲಿ ಆರು ನಗರಗಳ ಜನರನ್ನು ಕೇಳಿದಾಗಲೂ ಹೆಚ್ಚು ಒಪ್ಪಿಗೆ ಸಿಕ್ಕಿದ್ದು ಆರೋಗ್ಯ, ತುರ್ತು ಕೆಲಸಗಳಿಗೇ.

ನನ್ನ ತಕರಾರು ಇರುವುದು ಇಲ್ಲೇ. ಜಾಹೀರಾತಿನಲ್ಲಿ ಔಷಧಿ ಡಬ್ಬಿ ತೋರಿಸುತ್ತಾರೆ, ಬಡಾವಣೆಯಲ್ಲಿ ಪಿಜ್ಜಾ ಇಳಿಸುತ್ತಾರೆ. ಮೆಡಿಕಲ್ ಶಾಪು ನಡೆದು ಹೋಗುವಷ್ಟು ಹತ್ತಿರ ಇರುವ ವಿನೋಬನಗರಕ್ಕೆ ಯಾವ ಅವಸರ? ಮನೆಮನೆಗೆ ಪಾರ್ಸೆಲ್ ಕೊಟ್ಟು ಸಂಸಾರ ನಡೆಸುವ ಹುಡುಗರ ಹೊಟ್ಟೆಪಾಡೂ ಇದೆ.

ಮಳೆಗಾಲ ಬೇರೆ. ಆಗುಂಬೆ ಕಡೆ ಮರ ಬಿದ್ದು ರಸ್ತೆ ಕಟ್ಟುವ ದಿನವೇ ಡ್ರೋನ್ ಬೇಕಾಗುವುದು. ಆ ಗಾಳಿ ಮಳೆಯಲ್ಲಿ ಸಣ್ಣ ಡ್ರೋನ್ ಹಾರುವುದಿಲ್ಲ.

ಸದ್ಯಕ್ಕೆ ನಿಮ್ಮ ನೆಮ್ಮದಿಗೆ ಒಂದು ಕಾರಣವಿದೆ: ಸೋಗಾನೆ ವಿಮಾನ ನಿಲ್ದಾಣ. 2021ರ ಡ್ರೋನ್ ನಿಯಮದ ಪ್ರಕಾರ ನಿಲ್ದಾಣದ ಸುತ್ತ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ದಾಟಲೂ ಅನುಮತಿ ಬೇಕು. ಆದರೆ ಅನುಮತಿ ಕೊಡುವವರು ನಿಮ್ಮ ಓಣಿಯನ್ನು ಕೇಳಬೇಕಾಗಿಲ್ಲ. ಕೇಳಲೇಬೇಕು ಅಂತ ನಿಯಮ ಬರಲಿ ಅನ್ನುವುದು ನನ್ನ ವಾದ. ಯಾವ ದಾರಿ, ಎಷ್ಟು ಹೊತ್ತಿನವರೆಗೆ, ಬಿದ್ದರೆ ಹೊಣೆ ಯಾರದ್ದು ಅನ್ನುವುದು ಮೊದಲೇ ಬರವಣಿಗೆಯಲ್ಲಿ ಇರಬೇಕು.

ಅಲ್ಲಿಯವರೆಗೆ ಗುಂಪಿನಲ್ಲಿ ‘ಬೇಕಾ, ಬೇಡವಾ’ ಅಂತ ಕೇಳಬೇಡಿ. ಬೇಕು ಅಂದವರ ತಾರಸಿ ಮೇಲೇ ದಾರಿ ಹಾಕಿಸೋಣವಾ ಅಂತ ಕೇಳಿ ನೋಡಿ. ಎಷ್ಟು ಜನ ಕೈ ಎತ್ತಿದರು ಅಂತ ನನಗೂ ಬರೆಯಿರಿ.
– ಸಂಪಾದಕ