ಹಿಂದೆ ಡಿಕ್ಕಿ ಇರೋ ಕಾರಿಗೆ ಯಾಕೆ ಕಮ್ಮಿ ರೇಟು?

ಕಾರಿನ ಪ್ರಶ್ನೆಗೆ ಉತ್ತರ ಕೊಡೋ ಈ ಅಂಕಣಕ್ಕೆ ಸಾಮಾನ್ಯವಾಗಿ ಮೈಲೇಜ್, ಟೈರು, ಎಸಿ ಬಗ್ಗೆ ಪತ್ರ ಬರುತ್ತವೆ. ಈ ಸಲ ಬಂದಿದ್ದರಲ್ಲಿ ಮುಕ್ಕಾಲು ಪಾಲು ಹಳೆ ಕಾರಿನ ರೇಟಿನ ಬಗ್ಗೆಯೇ ಇವೆ. ಒಟ್ಟಿಗೇ ತಗೊಂಡಿದ್ದೇನೆ.

ಸರ್, ನನ್ನದು 2017ರ ಹೋಂಡಾ ಸಿಟಿ ಪೆಟ್ರೋಲ್. ಅದೇ ವರ್ಷ ನಮ್ಮ ಭಾವ ಪೆಟ್ರೋಲ್ ಕ್ರೆಟಾ ತಗೊಂಡರು. ಆಗ ಆನ್‌ರೋಡ್ ಬೆಲೆ ಹೆಚ್ಚುಕಮ್ಮಿ ಒಂದೇ ಇತ್ತು. ಎರಡೂ ಸಿಂಗಲ್ ಓನರ್, ಓಡಿರೋದೂ ಒಂದೇ ಸಮ. ಈಗ ಒಬ್ಬನೇ ಬ್ರೋಕರ್ ಭಾವನ ಗಾಡಿಗೆ ಒಂದೂವರೆ ಲಕ್ಷ ಜಾಸ್ತಿ ಹೇಳ್ತಿದ್ದಾನೆ. ನನಗೆ ಟೋಪಿ ಹಾಕ್ತಿದ್ದಾನಾ?
– ಓದುಗರು, ದಾವಣಗೆರೆ

ಟೋಪಿ ಏನಿಲ್ಲ. ನಿಮ್ಮ ಗಾಡಿ ಅವನ ಹತ್ತಿರ ಎಷ್ಟು ದಿನ ನಿಲ್ಲುತ್ತೆ ಅನ್ನೋದನ್ನ ನೋಡಿ ಅವನು ರೇಟು ಹೇಳಿದ್ದಾನೆ. ಕ್ರೆಟಾ ಕೇಳಿಕೊಂಡು ಹತ್ತು ಜನ ಬಂದರೆ ಸಿಟಿ ಕೇಳಿಕೊಂಡು ಇಬ್ಬರೋ ಮೂವರೋ ಬರ್ತಾರೆ. ಅಲ್ಲಿಯವರೆಗೆ ಅವನ ದುಡ್ಡು ನಿಮ್ಮ ಕಾರಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ, ಅದಕ್ಕೆ ಬಡ್ಡಿ ಬೇರೆ. ಅದನ್ನೆಲ್ಲ ಮೊದಲೇ ನಿಮ್ಮ ರೇಟಿನಲ್ಲಿ ಮುರಿದುಕೊಂಡಿದ್ದಾನೆ, ಅಷ್ಟೇ.

ಒಂದು ತಮಾಷೆ ನೋಡಿ. ಇನ್ಶೂರೆನ್ಸ್‌ನಲ್ಲಿ ಐಡಿವಿ ಅಂತ ಬರುತ್ತಲ್ಲ, ಅಂದ್ರೆ ಪಾಲಿಸಿಯಲ್ಲಿ ನಿಮ್ಮ ಗಾಡಿಗೆ ಕಟ್ಟೋ ಬೆಲೆ, ಅದರ ಲೆಕ್ಕದಲ್ಲಿ ಬಾಡಿಯ ಆಕಾರಕ್ಕೆ ಬೆಲೆಯೇ ಇಲ್ಲ. ಆರು ತಿಂಗಳೊಳಗಿನ ಗಾಡಿಗೆ ಶೇ 5 ಕಳೀತಾರೆ, ಒಂದು ವರ್ಷದೊಳಗೆ ಶೇ 15, ಎರಡು ವರ್ಷದೊಳಗೆ 20, ಆಮೇಲೆ ವರ್ಷಕ್ಕೆ ಹತ್ತರಂತೆ ಏರುತ್ತಾ ಐದು ವರ್ಷಕ್ಕೆ ಶೇ 50. ಆಲ್ಟೋ ಆದರೂ ಅಷ್ಟೇ, ಸಿಟಿ ಆದರೂ ಅಷ್ಟೇ, ಥಾರ್ ಆದರೂ ಅಷ್ಟೇ. ಆದ್ದರಿಂದ ಪಾಲಿಸಿ ಹಿಡಿದುಕೊಂಡು ಹೋಗಿ ಬ್ರೋಕರ್ ಹತ್ತಿರ ಜಗಳ ಆಡಬೇಡಿ. ಮಾರ್ಕೆಟ್‌ನಲ್ಲಿ ಆ ಕಾಗದ ನಡೆಯೋದಿಲ್ಲ.

ಹಾಗಾದ್ರೆ ಜನ ಯಾಕೆ ಎಸ್‌ಯುವಿ, ಅಂದ್ರೆ ಕ್ರೆಟಾ ಥರದ ಎತ್ತರದ ಗಾಡಿ, ಕೇಳ್ತಾರೆ? 2013ರಲ್ಲಿ ಇಕೋಸ್ಪೋರ್ಟ್ ಬಂತು, 2015ರಲ್ಲಿ ಕ್ರೆಟಾ, 2016ರಲ್ಲಿ ಬ್ರೆಜ್ಜಾ, 2017ರಲ್ಲಿ ನೆಕ್ಸಾನ್. ಅಲ್ಲಿಯವರೆಗೆ ಸಣ್ಣ ಕಾರಿನಿಂದ ಮೇಲೆ ಹೋಗೋರಿಗೆ ಸೆಡಾನೇ ದಾರಿ, ಅಂದ್ರೆ ಹಿಂದೆ ಡಿಕ್ಕಿ ಚಾಚಿಕೊಂಡಿರೋ ಕಾರು. ಮನೆ ಮುಂದೆ ಸಿಟಿ ನಿಂತರೆ ಯಜಮಾನರು ಒಂದು ಮಟ್ಟಕ್ಕೆ ಬಂದರು ಅಂತ ಅರ್ಥ. ಆ ಜಾಗಕ್ಕೆ ಈಗ ಎತ್ತರದ ಗಾಡಿ ಬಂದು ಕೂತಿದೆ. ಎಂಟು ವರ್ಷದ ಹಳೆ ಕಾರು ಕೊಳ್ಳೋರು ಯಾರು, ಯೋಚನೆ ಮಾಡಿ. ಬೈಕ್ ಅಥವಾ ಹಳೆ ಮಾರುತಿ ಬಿಟ್ಟು ಬರೋ ಕುಟುಂಬ. ಜೊತೆಗೆ ವಯಸ್ಸಾದ ಅಪ್ಪ ಅಮ್ಮ. ಸಿಟಿಯಲ್ಲಿ ಸೀಟು ಕೆಳಗೆ, ಕೂರಬೇಕಾದ್ರೆ ತಲೆ ಬಗ್ಗಿಸಿ ಇಳಿಯಬೇಕು, ಏಳಬೇಕಾದ್ರೆ ಮೇಲಿನ ಹಿಡಿ ಹಿಡಿದು ಮಂಡಿ ಮೇಲೆ ಕೈ ಊರಬೇಕು. ಟೆಸ್ಟ್ ಡ್ರೈವ್‌ಗೆ ಇಡೀ ಸಂಸಾರ ಕೂತು ಹೊರಟಾಗ ಊರಿನ ಮೊದಲನೇ ಹಂಪ್‌ನಲ್ಲೇ ಕೆಳಗಿಂದ 'ಕರ್ರ್' ಅಂದ್ರೆ ಮುಗೀತು. ಇಂಜಿನ್ ಎಷ್ಟು ನಯ ಅಂತ ಆಮೇಲೆ ನೀವು ಎಷ್ಟು ಹೇಳಿದರೂ ಕೇಳೋರಿಲ್ಲ.

ನನ್ನನ್ನ ಕೇಳಿದರೆ ಓಡಿಸೋಕೆ ಸಿಟಿಯೇ ಸುಖ. ಹೈವೇಯಲ್ಲಿ ನೆಲ ಕಚ್ಚಿಕೊಂಡು ಹೋಗುತ್ತೆ. ಆದರೆ ರೇಟಿನ ಪ್ರಶ್ನೆ ಬಂದಾಗ ನನ್ನ ರುಚಿ ಕಟ್ಟಿಕೊಂಡು ಏನಾಗಬೇಕು? ನಿಮ್ಮ ಹೊಟ್ಟೆಗೆ ಸ್ವಲ್ಪ ತಂಪು ಅಂದ್ರೆ, ಸೆಡಾನ್‌ಗಳಲ್ಲಿ ಹೆಸರಿರೋದು ಸಿಟಿಗೇ. ಅದಕ್ಕಿಂತ ಮೇಲಿನ ಸಿವಿಕ್, ಆಲ್ಟಿಸ್, ಸೂಪರ್ಬ್ ಇಟ್ಟುಕೊಂಡೋರ ಪಾಡು ಇನ್ನೂ ಕಷ್ಟ. ಹೊಸದಾಗಿ ಇಪ್ಪತ್ತು, ಮೂವತ್ತು ಲಕ್ಷ ಕೊಟ್ಟು ತಂದ ಗಾಡಿಗಳಿಗೆ ಈಗ ಒಂದು ಹೊಸ ಸಣ್ಣ ಎಸ್‌ಯುವಿಯಷ್ಟೂ ಬೆಲೆ ಹುಟ್ಟೋದಿಲ್ಲ.

ಬ್ರೋಕರ್‌ಗೆ ಕೊಡಬೇಡಿ. ಸಿಟಿಯೇ ಬೇಕು ಅಂತ ಹುಡುಕೋ ಒಬ್ಬ ಮನುಷ್ಯ ಸಿಗೋವರೆಗೆ ಎರಡು ಮೂರು ತಿಂಗಳು ಕಾಯಿರಿ, ಸರ್ವಿಸ್ ಬಿಲ್‌ಗಳನ್ನೆಲ್ಲ ಜೋಡಿಸಿ ಇಟ್ಟುಕೊಳ್ಳಿ. ಅಂಥವರು ಕಮ್ಮಿ, ಆದರೆ ಬಂದರೆ ಚೌಕಾಸಿ ಜಾಸ್ತಿ ಮಾಡೋದಿಲ್ಲ. ಮಾರಲೇಬೇಕು ಅಂತೇನೂ ಇಲ್ಲದಿದ್ರೆ ಇಟ್ಟುಕೊಂಡು ಓಡಿಸಿ. ಬೀಳಬೇಕಾದ ಬೆಲೆ ಮುಕ್ಕಾಲು ಬಿದ್ದಾಗಿದೆ, ಆರ್‌ಸಿ 2032ರವರೆಗೆ ಇದೆ.

ಡಿಜೈರ್‌ಗೂ ಡಿಕ್ಕಿ ಇದೆಯಲ್ವಾ? ಅದರ ರೇಟು ಮಾತ್ರ ಯಾಕೆ ಇಳಿಯಲ್ಲ?
– ಓದುಗರು, ತುಮಕೂರು

ಅದು ಡಿಕ್ಕಿ ಇಟ್ಟುಕೊಂಡ ಸ್ವಿಫ್ಟ್, ಅದಕ್ಕೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನ ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣದು ಅಂದ್ರೆ ಉದ್ದ ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಇಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಒಳಗಿರಬೇಕು. ಅಷ್ಟೇ ಸಾಕಾಯ್ತು. 2008ರಲ್ಲಿ ಟಾಟಾದವರು ಇಂಡಿಗೋವನ್ನ ಮೊಟಕು ಮಾಡಿ ಸಿಎಸ್ ಅಂತ ತಂದರು. 2012ರಲ್ಲಿ ಡಿಜೈರ್ ಕೂಡ ಡಿಕ್ಕಿ ಕತ್ತರಿಸಿಕೊಂಡು 3995 ಮಿಲಿಮೀಟರ್‌ಗೆ ಬಂತು. ಹಿಂದಿನಿಂದ ನೋಡಿದರೆ ಯಾರೋ ಅರ್ಧಕ್ಕೆ ಕೆಲಸ ನಿಲ್ಲಿಸಿ ಹೋದ ಹಾಗೆ ಕಾಣ್ತಿತ್ತು, ಇರಲಿ ಬಿಡಿ. ಬೆಲೆ ಸಣ್ಣ ಕಾರಿನದು, ಮೈಲೇಜ್ ಸಣ್ಣ ಕಾರಿನದು, ಮದುವೆಗೆ ಹೋಗೋವಾಗ ಎರಡು ಸೂಟ್‌ಕೇಸ್ ಹಿಡಿಯುತ್ತೆ. ಅಂಥ ಗಾಡಿಗೆ ಗಿರಾಕಿ ಯಾಕೆ ಕಮ್ಮಿ ಆಗ್ತಾರೆ?

ಆದರೆ ಒಂದು ಎಚ್ಚರ. ಹೊಸ ಕಾರಿನ ಬೆಲೆ ಇಳಿದ ದಿನ ಹಳೆಯದೂ ಇಳಿಯುತ್ತೆ. 2025ರ ಸೆಪ್ಟೆಂಬರ್ 22ರಿಂದ ಈ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಬಂತಲ್ಲ, ಹೊಸ ಡಿಜೈರ್ ಅಗ್ಗ ಆಯ್ತು. ಎರಡು ಮೂರು ವರ್ಷದ ಡಿಜೈರ್‌ಗೆ ಹಳೇ ರೇಟು ಕೇಳೋರು ಈಗ ಸ್ವಲ್ಪ ಕೈ ಬಿಡಲೇಬೇಕು.

ಹತ್ತು ವರ್ಷದ ಇನ್ನೋವಾಗೆ ಹೇಳ್ತಿರೋ ರೇಟು ಕೇಳಿ ತಲೆ ತಿರುಗಿತು. ಅದರ ಅರ್ಧಕ್ಕಿಂತ ಕಮ್ಮಿಗೆ ಅದೇ ವಯಸ್ಸಿನ ರೆನೋ ಲಾಡ್ಜಿ ಸಿಗ್ತಿದೆ. ಎರಡೂ ಏಳು ಸೀಟು. ಯಾವುದು ತಗೊಳ್ಳಲಿ?
– ಓದುಗರು, ರಾಮನಗರ

ಒಳ್ಳೆ ಪ್ರಶ್ನೆ. ಬಾಡಿ ಆಕಾರ ಒಂದರಿಂದಲೇ ಬೆಲೆ ನಿಲ್ಲೋದಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಏಳು ಸೀಟಿನ ಗಾಡಿ ಕೊಳ್ಳೋರು ಎರಡು ಥರ: ಕೂಡು ಕುಟುಂಬದವರು ಮತ್ತು ಬಾಡಿಗೆಗೆ ಬಿಡೋರು. ಬಾಡಿಗೆಯವರಿಗೆ ಸ್ಪೇರ್ ಪಾರ್ಟ್ ಯಾವ ಊರಲ್ಲಾದ್ರೂ ಸಿಗಬೇಕು, ಮೂರು ಲಕ್ಷ ಕಿಲೋಮೀಟರ್ ಆದ ಮೇಲೂ ಗಾಡಿ ಧರ್ಮಸ್ಥಳದ ಘಾಟಿ ಹತ್ತಬೇಕು. 2005ರಿಂದ ಇನ್ನೋವಾ ಅದನ್ನ ಮಾಡಿ ತೋರಿಸಿದೆ. ಹೋಂಡಾದ ಏಳು ಸೀಟಿನ ಮೊಬಿಲಿಯೋ 2014ರಲ್ಲಿ ಬಂದು 2017ಕ್ಕೆ ಹೋಯ್ತು, ಲಾಡ್ಜಿ 2015ರಲ್ಲಿ ಬಂದು 2020ಕ್ಕೆ. ಷೆವರ್ಲೆ ಎಂಜಾಯ್ ಅಂತೂ ಬಿಡಿ, ಕಂಪನಿಯೇ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು.

ಹಾಗಂತ ಲಾಡ್ಜಿ ಕೆಟ್ಟ ಗಾಡಿ ಅಲ್ಲ. ಆರಾಮಾಗಿದೆ, ಡೀಸೆಲ್ ಕಮ್ಮಿ ಕುಡಿಯುತ್ತೆ. ಐದಾರು ವರ್ಷ ನೀವೇ ಓಡಿಸ್ತೀರಿ, ಮಾರುವಾಗ ಬಂದಷ್ಟು ಬರಲಿ ಅನ್ನೋ ಹಾಗಿದ್ರೆ ಕಣ್ಣು ಮುಚ್ಚಿಕೊಂಡು ಅದನ್ನೇ ತಗೊಳ್ಳಿ. ಉಳಿದ ದುಡ್ಡಲ್ಲಿ ರಿಪೇರಿ, ಟೈರು ಎಲ್ಲ ಆಗಿ ಇನ್ನೂ ಮಿಗುತ್ತೆ. ಎರಡು ವರ್ಷಕ್ಕೆ ಮಾರೋದಾದ್ರೆ ಮಾತ್ರ ಇನ್ನೋವಾ.

ಇನ್ನೋವಾ ನೋಡೋಕೆ ಹೋದಾಗ ಬೋರ್ಡಿನ ಕಡೆ ಗಮನ ಇರಲಿ. ಈಗ ವೈಟ್ ಬೋರ್ಡ್ ಇದೆ ಅಂದ ಮಾತ್ರಕ್ಕೆ ಮೊದಲಿಂದ ಹಾಗೇ ಇತ್ತು ಅಂತಲ್ಲ, ಯೆಲ್ಲೋ ಬೋರ್ಡ್ ಬದಲಾಯಿಸಿ ತಂದಿರಬಹುದು. ಟಾರ್ಚ್ ತಗೊಂಡು ಹೋಗಿ. ನಂಬರ್ ಪ್ಲೇಟಿನ ಹಿಂದೆ, ಸ್ಕ್ರೂ ಸುತ್ತ ಹಳದಿ ಬಣ್ಣದ ಚೂರು ಇದೆಯಾ ನೋಡಿ. ಆಕ್ಸಿಲರೇಟರ್ ಪೆಡಲ್ ಮೇಲೆ ಬಗ್ಗಿ ನೋಡಿದರೆ ಸ್ಪೀಡ್ ಗವರ್ನರ್ ಕಿತ್ತ ವೈರಿಗೆ ಟೇಪ್ ಸುತ್ತಿರ್ತಾರೆ. ಹಿಂದಿನ ಸೀಟಿನ ಪಕ್ಕ ಪ್ಯಾನಿಕ್ ಬಟನ್ ಕೂತಿದ್ದ ತೂತು, ಮೇಲೆ ಕ್ಯಾರಿಯರ್ ಉಜ್ಜಿದ ಗೀರು, ಇಷ್ಟು ಸಾಕು. ಇದರಲ್ಲಿ ಒಂದು ಕಂಡರೂ ಮೀಟರ್ ತೋರಿಸೋ ಕಿಲೋಮೀಟರ್ ನಂಬಬೇಡಿ, ಆರ್‌ಟಿಒ ದಾಖಲೆ ತೆಗೆಸಿ.

ನಮ್ಮದು ಕಾಫಿ ತೋಟ. ಹಳೇ ಜಿಪ್ಸಿ ಇದೆ. ಮೇಲಿನ ಹುಡ್ ತೆಗೆಸಿ ಹಾರ್ಡ್ ಟಾಪ್ ಮಾಡಿಸಿದರೆ ರೇಟು ಜಾಸ್ತಿ ಬರುತ್ತಾ?
– ಓದುಗರು, ಮೂಡಿಗೆರೆ

ದಯವಿಟ್ಟು ಕೈ ಹಾಕಬೇಡಿ. ಆರ್‌ಸಿಯಲ್ಲಿ ಬಾಡಿ ಯಾವುದು ಅಂತ ಬರೆದಿರುತ್ತೆ, ಗಾಡಿ ಅದಕ್ಕೆ ಹೊಂದದೇ ಇದ್ದರೆ ಮಾರುವಾಗ, ಎಫ್‌ಸಿ ಮಾಡಿಸುವಾಗ ತಕರಾರು. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಟ್ಟುಕೊಂಡು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಜಿಪ್ಸಿಯನ್ನ ಮಾರುತಿಯವರು ಅಂಗಡಿಯಿಂದ ತೆಗೆದು ವರ್ಷಗಳಾಯ್ತು, ಆದರೂ ನಿಮ್ಮ ಕಡೆ ಫೋರ್ ವೀಲ್ ಡ್ರೈವ್ ಗಾಡಿಗೆ ಮಳೆಗಾಲ ಮುಗಿಯೋವರೆಗೆ ಬೇಡಿಕೆ ಇದ್ದೇ ಇರುತ್ತೆ. ಅದನ್ನೇ ದಾವಣಗೆರೆಗೆ ತಂದರೆ ಕೇಳೋರು ಒಬ್ಬರೋ ಇಬ್ಬರೋ, ಅವರೂ ಶೋಕಿಗೆ. ಮೂಲ ಸ್ಥಿತಿಯಲ್ಲೇ, ನಿಮ್ಮ ಊರಿನ ಸುತ್ತಮುತ್ತಲೇ, ಮೇ ತಿಂಗಳಲ್ಲಿ ಮಾರಿ. ತುಕ್ಕು ಮಾತ್ರ ಮೊದಲು ತೆಗೆಸಿ.

ಸನ್‌ರೂಫ್ ಇದ್ದರೆ ಹಳೆ ಕಾರಿಗೆ ಜಾಸ್ತಿ ಸಿಗುತ್ತಾ?
– ಓದುಗರು, ಉಡುಪಿ

ಬೇಗ ಮಾರಾಟ ಆಗುತ್ತೆ. ಜಾಸ್ತಿ ದುಡ್ಡು ಬರುತ್ತೆ ಅಂತ ಹೇಳೋಕಾಗಲ್ಲ. ನಿಮ್ಮ ಕರಾವಳಿ ಮಳೆಗೆ ಅದರ ನೀರು ಹೋಗೋ ಪೈಪಲ್ಲಿ ಎಲೆ ಕಸ ಕಟ್ಟಿಕೊಂಡು, ಒಳಗಿನ ಬಟ್ಟೆ ಮೇಲೆ ಕಂದು ಕಲೆ ಬಿದ್ದಿದ್ದರೆ ಸನ್‌ರೂಫೇ ಬೆಲೆ ಇಳಿಸುತ್ತೆ.

ದೆಹಲಿ ರಿಜಿಸ್ಟ್ರೇಷನ್‌ನ ಒಂಬತ್ತು ವರ್ಷದ ಡೀಸೆಲ್ ಫಾರ್ಚೂನರ್ ತುಂಬಾ ಅಗ್ಗಕ್ಕೆ ಸಿಗ್ತಿದೆ. ತರಬಹುದಾ?
– ಓದುಗರು, ಹುಬ್ಬಳ್ಳಿ

ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿದಾಗಿನಿಂದ ಹೀಗೆ ಅಗ್ಗ ಆಗಿವೆ. ದೊಡ್ಡ ಎಸ್‌ಯುವಿಗಳು ಜಾಸ್ತಿ ಡೀಸೆಲ್, ಹಾಗಾಗಿ ಅಲ್ಲಿ ಅವಕ್ಕೇ ಜಾಸ್ತಿ ಪೆಟ್ಟು ಬಿತ್ತು. ಆದರೆ ಕೆಎ ನಂಬರ್ ಮಾಡಿಸೋವಾಗ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಅದನ್ನ ನೀವು ಕೊಟ್ಟ ದುಡ್ಡಿನ ಮೇಲೆ ಹಾಕೋದಿಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸು ಕಳೆದು ಹಾಕ್ತಾರೆ. ಎನ್‌ಒಸಿ ಇದೆಯಾ, ಸಾಲ ತೀರಿದೆಯಾ ಕೇಳಿ. ಆಮೇಲೆ ಹುಬ್ಬಳ್ಳಿ ಆರ್‌ಟಿಒದಲ್ಲಿ ಟ್ಯಾಕ್ಸ್ ಎಷ್ಟು ಆಗುತ್ತೆ ಅಂತ ಲೆಕ್ಕ ಹಾಕಿಸಿ, ಲಾರಿ ಬಾಡಿಗೆ ಸೇರಿಸಿ. ಅಡ್ವಾನ್ಸ್ ಕೊಡೋ ಮಾತು ಅದಾದ ಮೇಲೆ.