ಫ್ರೋಜನ್ ಶೋಲ್ಡರ್ ಪೂರ್ತಿ ಗುಣವಾಗುತ್ತದೆಯೇ?

ಶಿರಸಿಯಲ್ಲಿರುವ ನಿಮ್ಮ ತಾಯಿಗೆ ತುರುಬು ಕಟ್ಟಲೂ ಕೈ ಹಿಂದೆ ಹೋಗದು, ಸಕ್ಕರೆ ಕಾಯಿಲೆಯೂ ಇದೆ ಎಂದಿದ್ದೀರಿ. ಭುಜ ಬಿಗಿದುಕೊಳ್ಳುವ ಈ ಫ್ರೋಜನ್ ಶೋಲ್ಡರ್ ಬಹುಪಾಲು ಜನರಲ್ಲಿ ಗುಣವಾಗುತ್ತದೆ, ಆದರೆ ಸಾಮಾನ್ಯವಾಗಿ 1ರಿಂದ 3 ವರ್ಷ ಹಿಡಿಯುತ್ತದೆ. ಕೆಲವರಲ್ಲಿ, ಅದರಲ್ಲೂ ಮಧುಮೇಹಿಗಳಲ್ಲಿ, ಸ್ವಲ್ಪ ಬಿಗಿತ ಉಳಿಯುವುದುಂಟು.

ಭುಜದ ಕೀಲನ್ನು ಚೀಲದಂತೆ ಸುತ್ತುವರಿದಿರುವ ಪೊರೆಯು ಉರಿಯೂತದಿಂದ ದಪ್ಪವಾಗಿ ಕುಗ್ಗುವುದೇ ಇದರ ಮೂಲ. ಆದ್ದರಿಂದಲೇ ತಾವಾಗಿ ಎತ್ತಿದರೂ, ಬೇರೆಯವರು ಹಿಡಿದೆತ್ತಿದರೂ ಕೈ ಒಂದೇ ಮಟ್ಟದಲ್ಲಿ ನಿಂತುಬಿಡುತ್ತದೆ. ಮೊದಲ ಕೆಲವು ತಿಂಗಳು ನೋವು, ವಿಶೇಷವಾಗಿ ರಾತ್ರಿ. ಬಳಿಕ ನೋವು ತಗ್ಗಿ ಬಿಗಿತ ಮಾತ್ರ. ಆಮೇಲೆ ನಿಧಾನವಾಗಿ ಸಡಿಲ.

ನೋವಿನ ಹಂತದಲ್ಲಿ ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರಗಳ ಮಟ್ಟಿಗೆ ಒಳ್ಳೆಯ ಉಪಶಮನ ನೀಡುತ್ತದೆ, ಆದರೆ ಅದರಿಂದ ರಕ್ತದ ಸಕ್ಕರೆ ಕೆಲವು ದಿನ ಏರಬಹುದಾದ್ದರಿಂದ ಮಧುಮೇಹ ಇರುವುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಈ ಹಂತದಲ್ಲಿ ಎಣ್ಣೆ ತಿಕ್ಕಿಸಿ ಕೈಯನ್ನು ಜಗ್ಗಿಸುವುದು (ನಮ್ಮ ಕಡೆ ಇದರ ಮೇಲೆ ನಂಬಿಕೆ ಜಾಸ್ತಿ) ನೋವನ್ನು ಕೆರಳಿಸುತ್ತದೆ. ಹಂಡೆಯ ಬಿಸಿನೀರಿನ ಸ್ನಾನವಾದೊಡನೆ, ಮುಂದಕ್ಕೆ ಬಾಗಿ ಕೈಯನ್ನು ಜೋತುಬಿಟ್ಟು ಸಣ್ಣ ಸುತ್ತಿನಲ್ಲಿ ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಏರಿಸುವುದು ಇವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ದಿನವೂ ಮಾಡಬೇಕು. ಮೊಣಕೈ ಪಕ್ಕೆಗೆ ಹತ್ತಿರವೇ ಇರುವ ಅಡಿಕೆ ಸುಲಿಯುವಂಥ ಕೆಲಸವನ್ನು, ನೋವು ಹೆಚ್ಚದಿದ್ದರೆ, ನಿಲ್ಲಿಸಬೇಕಾಗಿಲ್ಲ. ಕೈಯನ್ನು ಆಡಿಸದೆ ಇಟ್ಟುಕೊಂಡಷ್ಟೂ ಬಿಗಿತ ಹೆಚ್ಚುತ್ತದೆ.

ತಿಂಗಳುಗಟ್ಟಲೆ ಹೀಗೆ ಮಾಡಿಯೂ ಸುಧಾರಿಸದಿದ್ದರೆ ಮಾತ್ರ, ಸಣ್ಣ ರಂಧ್ರದ ಮೂಲಕ ಪೊರೆಯನ್ನು ಬಿಡಿಸುವ ಶಸ್ತ್ರಚಿಕಿತ್ಸೆಯ ಮಾತು.